ಗೊಂಬೆ ಡಾಕ್ಟರಿಗೆ ಹೇಳಬೇಕಾದ ಮಾತು

“ನಿಲ್ಲಿಸಿ! ಆ ಮೆಷಿನ್ ನಿಲ್ಲಿಸಿ! ಒಳಗಿರೋದು ನನ್ನ ಪೇಷಂಟ್!”

ಮಕ್ಕಳ ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಗೆ ಬಿಳಿ ಕೋಟು ಹಾರಿಸುತ್ತಾ ನುಗ್ಗಿದವಳ ಕೂಗಿಗೆ, ಹೊದಿಕೆ ಮಡಿಸುತ್ತಿದ್ದ ಲಾಂಡ್ರಿ ಇನ್‌ಚಾರ್ಜ್‌ನ ಎದೆ ಧಸಕ್ಕೆಂದಿತು.

ಪೇಷಂಟಾ? ಮೆಷಿನ್ ಒಳಗೆ? ಅಯ್ಯೋ ದೇವರೇ... ಯಾವುದೋ ಮಗು ಬಟ್ಟೆ ಗಾಡಿಯಲ್ಲಿ ಮಲಗಿತ್ತಾ?!

ಪಾಪ, ಕೆಲಸಕ್ಕೆ ಸೇರಿ ಇನ್ನೂ ವಾರವಾಗಿರಲಿಲ್ಲ. ಕೆಂಪು ಗುಂಡಿ ಒತ್ತಿದ. ಮೇನ್ ಸ್ವಿಚ್ ಆರಿಸಿದ. ಸಾಲದೆಂದು ಗೋಡೆಯ ಪ್ಲಗ್ಗನ್ನೂ ಕಿತ್ತು ಕೈಯಲ್ಲಿ ಹಿಡಿದು ನಿಂತ. ಮೆಷಿನ್ನು ನರಳಿ ನರಳಿ ಸುಮ್ಮನಾಯಿತು.

ದುಂಡನೆಯ ಗಾಜಿನ ಬಾಗಿಲಿಗೆ ಮೂಗು ಒತ್ತಿಕೊಂಡು ಒಂದು ಆಟದ ಕರಡಿ ಅವನನ್ನೇ ನೋಡುತ್ತಿತ್ತು.

“ಇದಾ... ಪೇಷಂಟು?”

“ಹೌದು! ನಾಳೆ ಬೆಳಿಗ್ಗೆ ಕಾಲಿನ ಆಪರೇಷನ್ ಇದೆ ಇದಕ್ಕೆ. ನೋಡಿ, ಕಿವಿ ಎಲ್ಲಿ? ಒಂದು ಕಿವಿನೇ ಇಲ್ಲ!”

ಅವನು ಉಸಿರು ಬಿಟ್ಟ. ಆಮೇಲೆ, ಮಾಡಬಾರದಿತ್ತು, ನಕ್ಕುಬಿಟ್ಟ.

ಅಷ್ಟೇ ಸಾಕಾಯಿತು. ಅವಳ ಕಣ್ಣು ಕೆಂಡವಾಯಿತು.

“ನಗ್ತೀರಾ? ನಗಿ. ಮೂರನೇ ಮಹಡಿಯಲ್ಲಿ ಒಂದು ಹುಡುಗಿ ಇದು ಕಾಣ್ತಿಲ್ಲ ಅಂತ ಊಟ ಬಿಟ್ಟು ಕೂತಿದ್ದಾಳೆ. ಅವಳ ಮುಂದೆ ಬಂದು ನಗಿ, ನೋಡೋಣ!”

ಒದ್ದೆ ಕರಡಿಯನ್ನು ಎದೆಗವಚಿಕೊಂಡು ಹೊರಟೇಬಿಟ್ಟಳು. ದಾರಿಯುದ್ದಕ್ಕೂ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು. ಅವನು ಒರೆಸುವ ಬಟ್ಟೆ ಹಿಡಿದು ಹಿಂದೆಯೇ ಓಡಿದ.

ಇಲ್ಲೊಂದು ಮಾತು ಹೇಳಿಬಿಡಬೇಕು. ಈಕೆ ಡಾಕ್ಟರ್ ಅಲ್ಲ. ಆಸ್ಪತ್ರೆಯ ಆಟದ ಕೋಣೆಯ ಟೀಚರ್. ಮಗುವಿಗೆ ಏನು ಮಾಡುತ್ತಾರೋ ಅದನ್ನು ಮೊದಲು ಅದರ ಗೊಂಬೆಗೆ ಮಾಡಿ ತೋರಿಸುವುದು ಈಕೆಯ ಕೆಲಸ. ಗೊಂಬೆಗೆ ಸೂಜಿ, ಗೊಂಬೆಗೆ ಪಟ್ಟಿ, ಗೊಂಬೆಗೆ ಎಕ್ಸ್‌ರೇ. ಗೊಂಬೆಗಳಿಗೆ ಡಾಕ್ಟರ್ ಬೇಕಲ್ಲ? ಅದಕ್ಕೇ ಬಿಳಿ ಕೋಟು. ಮಕ್ಕಳ ಕಿವಿಗೆ ಬೀಳುವಲ್ಲಿ ಎಲ್ಲರೂ ಅವಳನ್ನು ‘ಡಾಕ್ಟ್ರೇ’ ಎಂದೇ ಕರೆಯಬೇಕು. ದೊಡ್ಡ ಡಾಕ್ಟರೂ ಅಷ್ಟೇ. ಆ ಆಸ್ಪತ್ರೆಯ ಪದ್ಧತಿ ಅದು.

ಆದರೆ ಹೊಸಬನಿಗೆ ಇದನ್ನು ಹೇಳಲು ಯಾರಿಗೂ ನೆನಪಾಗಲಿಲ್ಲ!

ಮೂರನೇ ಮಹಡಿಯಲ್ಲಿ ಊಟ ಬಿಟ್ಟು ಕೂತಿದ್ದವಳಿಗೆ ಐದು ವರ್ಷ. ವಾರ್ಡಿನವರು ಇಟ್ಟ ಹೆಸರು ಪಟಾಕಿ. ಡೊಂಕಾಗಿದ್ದ ಕಾಲು ನೆಟ್ಟಗಾಗಬೇಕಿತ್ತು. ಮನೆಯಲ್ಲಿ ಅಮ್ಮನಿಗೆ ಹಸುಗೂಸು. ಆದ್ದರಿಂದ ಜೊತೆಗಿದ್ದವರು ಅಜ್ಜಿ. ಪಟಾಕಿಯ ಬಾಯಿ ಯಾರಿಂದ ಬಂದದ್ದು ಎಂದು ಅಜ್ಜಿಯನ್ನು ನೋಡಿದರೆ ಸಾಕು, ತಿಳಿಯುತ್ತಿತ್ತು.

ಟೀಚರ ಕೈಯಿಂದ ಕರಡಿಯನ್ನು ಕೇಳಿ ಪಡೆದು ಒಣಗಿಸಿ, ಕಿವಿಯನ್ನು ಮೆಷಿನ್ನಿನ ಹೊಟ್ಟೆಯಿಂದ ಹುಡುಕಿ ತೆಗೆದು, ಆಪರೇಷನ್ ಕೋಣೆಯ ಹಸಿರು ಬಟ್ಟೆ ಹೊಲಿಯುವ ದಾರದಲ್ಲೇ ಹೊಲಿದು ತಂದ ಅವನು ಮಂಚದ ಪಕ್ಕ ಮಂಡಿಯೂರಿದ.

“ನಿನ್ನ ಕರಡಿ ಸುಮ್ನೆ ಊರು ನೋಡೋಕೆ ಹೋಗಿತ್ತು, ಪುಟ್ಟಿ...”

“ರೀ!” ಹಿಂದೆ ನಿಂತಿದ್ದ ಟೀಚರ ದನಿ ಸೂಜಿಯಂತೆ ಚುಚ್ಚಿತು. “ಇಲ್ಲಿ ಮಕ್ಕಳಿಗೆ ಸುಳ್ಳು ಹೇಳೋ ಹಾಗಿಲ್ಲ.”

ಅವನು ಕರಡಿಯನ್ನು ಮಗುವಿನ ಕೈಗಿಟ್ಟ. “ತಪ್ಪಾಯ್ತು, ಪುಟ್ಟಿ. ಬೆಡ್‌ಶೀಟ್ ಜೊತೆ ಸುತ್ಕೊಂಡು ಬಂದಿತ್ತು. ನಾನು ನೋಡದೆ ಒಗೆದುಬಿಟ್ಟೆ.”

“ನೋವಾಯ್ತಾ ಅದಕ್ಕೆ?”

“ತಲೆ ತಿರುಗಿರುತ್ತೆ. ಕಿವಿ ಕಿತ್ಕೊಂಡಾಗ ನೋವೂ ಆಗಿರುತ್ತೆ. ಈಗ ಗಟ್ಟಿಯಾಗಿ ಹೊಲಿದಿದ್ದೀನಿ.”

ಪಟಾಕಿ ಕಿವಿಯನ್ನು ಎಳೆದು ಎಳೆದು ಪರೀಕ್ಷಿಸಿದಳು. “ಮಾಮ, ನಾಳೆ ನನ್ನ ಕಾಲನ್ನೂ ನೀನೇ ಹೊಲಿ.”

“ಬೇಡಮ್ಮಾ!” ಅಜ್ಜಿ ಹೌಹಾರಿದರು. “ಅವನು ಒಗೆದೂ ಬಿಡ್ತಾನೆ!”

ನಮ್ಮ ಟೀಚರ್ ನಗಬಾರದೆಂದು ತುಟಿ ಕಚ್ಚಿಕೊಂಡಳು. ಆಗಲಿಲ್ಲ. ಅವಳು ನಕ್ಕದ್ದನ್ನು ಅವನು ನೋಡಿದ. ಅಲ್ಲಿಗೆ ಅವನ ಕಥೆ ಮುಗಿಯಿತೆಂದೇ ಲೆಕ್ಕ!

ಮರುದಿನ ಕರಡಿಯ ಆಪರೇಷನ್ ಮೊದಲು, ಪಟಾಕಿಯದ್ದು ಆಮೇಲೆ. ಎರಡೂ ಚೆನ್ನಾಗಿ ನಡೆದವು. ಕಾಲಿಗೆ ತೊಡೆಯವರೆಗೆ ಪ್ಲಾಸ್ಟರ್ ಬಿತ್ತು, ಕರಡಿಗೂ ಬಿತ್ತು. ಇನ್ನು ವಾರಗಟ್ಟಲೆ ಆಸ್ಪತ್ರೆಯೇ ಮನೆ.

ಲಾಂಡ್ರಿಯವನು ದಿನಾ ಮೇಲೆ ಬರಲು ನೆಪ ಹುಡುಕತೊಡಗಿದ. ವಾರ್ಡಿನಲ್ಲಿ ಉಳಿದುಕೊಂಡಿದ್ದ ಅಮ್ಮಂದಿರು ಬಚ್ಚಲ ನಲ್ಲಿಯ ಕೆಳಗೆ ಸೀರೆ ಹಿಂಡುವುದನ್ನು ನೋಡಿ, ಅವರಿಗೆಂದೇ ಒಂದು ಮೆಷಿನ್ ಬಿಟ್ಟುಕೊಟ್ಟ. ಎದುರಿನ ಬೀದಿಯ ದರ್ಜಿಯನ್ನು ಮಾತಾಡಿಸಿ ಚೂರು ಬಟ್ಟೆ ತರಿಸಿದ. ಗೊಂಬೆಗಳಿಗೆಲ್ಲ ಹೊಸ ಪಟ್ಟಿ ಬಂತು. ಕ್ಷೌರದವನನ್ನೂ ಅವನೇ ಕರೆತಂದ. ತಿಂಗಳುಗಳಿಂದ ಮಗುವಿನ ಪಕ್ಕ ಕೂತು ಗಡ್ಡ ಮರೆತ ಅಪ್ಪಂದಿರು ಸಾಲಾಗಿ ಕೂತರು. ಒಬ್ಬ ಮಗ ಗಡ್ಡ ಬೋಳಿಸಿದ ಅಪ್ಪನನ್ನು ಗುರುತಿಸದೆ ಅತ್ತ, ಅದು ಬೇರೆ ಮಾತು.

“ಬಟ್ಟೆ ಒಗೆಯೋಕೆ ಇಟ್ಕೊಂಡ್ರೆ ಇಡೀ ಆಸ್ಪತ್ರೆನೇ ತೊಳೀತಾ ಇದ್ದಾನಲ್ಲೇ!” ಎಂದರು ಅಜ್ಜಿ ಟೀಚರಿಗೆ. “ನಿನ್ನನ್ನ ನೋಡೋಕೆ ಬರ್ತಾನೆ ಕಣೇ.”

“ಸುಮ್ನಿರಿ ಅಜ್ಜಿ...”

ಬಾಯಿ ಸುಮ್ಮನಿರಿ ಎಂದಿತು. ಆದರೆ ಲಿಫ್ಟಿನ ಗಂಟೆ ಹೊಡೆದಾಗಲೆಲ್ಲ ಅವಳ ಕಣ್ಣು ಬಾಗಿಲ ಕಡೆಗೇ ಓಡುತ್ತಿತ್ತು. ಹೌದು, ಅವನು ಅವಳಿಗೆ ಬೇಕಾಗಿದ್ದ. ಅವನು ಬಾರದ ದಿನ ಕೋಣೆಯ ಗೊಂಬೆಗಳಿಗೂ ಜ್ವರ ಬಂದಂತಿರುತ್ತಿತ್ತು.

ಒಂದು ಮಧ್ಯಾಹ್ನ, ಮಕ್ಕಳೆಲ್ಲ ಮಲಗಿದ್ದಾಗ, ಅವನು ಆಟದ ಕೋಣೆಗೆ ಬಂದ. ಬಂದವನು ಪುಟಾಣಿ ಕುರ್ಚಿಯಲ್ಲಿ ಕೂತ. ಮಂಡಿ ಗಲ್ಲಕ್ಕೆ ತಾಗಿತು.

“ಭಯ ಆಗೋ ಕೆಲಸಕ್ಕೆ ಮೊದಲು ಮಕ್ಕಳಿಗೆ ತಾಲೀಮು ಮಾಡಿಸ್ತೀರಲ್ಲ... ನನಗೂ ಮಾಡಿಸ್ತೀರಾ?”

“ಏನು? ನಿಮಗೂ ಆಪರೇಷನ್ನಾ?”

“ಅದಾದ್ರೆ ಮದ್ದು ಕೊಟ್ಟು ಮಲಗಿಸ್ತಾರೆ. ಇದನ್ನ ಎಚ್ಚರವಾಗಿದ್ದೇ ಮಾಡ್ಬೇಕು.” ಅವನು ತಲೆ ಕೆರೆದುಕೊಂಡ. “ಒಬ್ಬರಿಗೆ... ಮನಸ್ಸಿನಲ್ಲಿರೋದನ್ನ ಹೇಳ್ಬೇಕು. ಇದೇ ಆಸ್ಪತ್ರೆಯವರು.”

ಅವಳ ಎದೆ ಬಾಯಿಗೆ ಬಂತು. ನಾನೇ... ನಾನೇ ಅಲ್ವಾ?

“ಯಾರು?”

“ಹೆಸರು ಈಗ್ಲೇ ಹೇಳೋಕೆ ಧೈರ್ಯ ಇಲ್ಲ. ಅವರು ಡಾಕ್ಟರ್. ಅದೇ ಕಷ್ಟ.”

ಡಾಕ್ಟರ್!

ಬಾಯಿಗೆ ಬಂದಿದ್ದ ಎದೆ ಸೀದಾ ಪಾತಾಳಕ್ಕೆ ಇಳಿಯಿತು. ಇನ್ಯಾರು? ಪಟಾಕಿಯ ಕಾಲು ಸರಿ ಮಾಡಿದ ಮೂಳೆ ಡಾಕ್ಟರ್. ಚೆಂದದವಳು, ಚುರುಕಿನವಳು. ಮೊನ್ನೆ ಆಕೆಯ ಕೋಟನ್ನು ಇವನೇ ಇಸ್ತ್ರಿ ಮಾಡಿ ಮೇಲೆ ತಂದು ಕೊಟ್ಟಿದ್ದನಲ್ಲ! ನಾನೆಂಥ ಪೆದ್ದಿ... ಅಮ್ಮಂದಿರ ಸೀರೆ, ದರ್ಜಿ, ಕ್ಷೌರ, ಎಲ್ಲವನ್ನೂ ನನ್ನ ಲೆಕ್ಕಕ್ಕೆ ಬರೆದುಕೊಂಡೆನಲ್ಲ!

ಆದರೂ ಅವಳು ಕೆಲಸದಲ್ಲಿ ಪಕ್ಕಾ. ದೊಡ್ಡ ಬಟ್ಟೆ ಗೊಂಬೆಯನ್ನು ತಂದು ಅವನೆದುರು ಕೂರಿಸಿದಳು.

“ಇದೇ ಅವರು ಅಂದ್ಕೊಳ್ಳಿ. ಹೇಳಿ.”

ಅವನು ಗೊಂಬೆಗೆ ಕೈ ಮುಗಿದ. “ನಮಸ್ಕಾರ ಡಾಕ್ಟ್ರೇ.”

“ಕೈ ಮುಗೀಬೇಡಿ! ಚೀಟಿ ಮಾಡಿಸೋಕೆ ಬಂದಿದ್ದೀರಾ? ಕಣ್ಣು ನೋಡಿ ಮಾತಾಡಿ.”

ಗೊಂಬೆಗೆ ಒಂದೇ ಕಣ್ಣಿತ್ತು. ಇನ್ನೊಂದು ಗುಂಡಿ ಕಳಚಿ ಬಿದ್ದು ಬಹಳ ದಿನವಾಗಿತ್ತು. ಅವನು ಆ ಒಂದು ಕಣ್ಣನ್ನೇ ನೋಡುತ್ತಾ ಹೇಳತೊಡಗಿದ.

“ನಾನು ಬಟ್ಟೆ ಒಗೆಯೋನು, ನೀವು ಡಾಕ್ಟರು. ನಿಮಗೆ ಮೊದಲು ಕೋಪ ಬರುತ್ತೆ, ಅದು ಇಳಿದಾಗ ಮುಖ ಎಷ್ಟು ಚೆನ್ನಾಗಿರುತ್ತೆ ಅಂದ್ರೆ, ನಾನು ಬೇಕು ಅಂತಲೇ ಏನಾದ್ರೂ ತಪ್ಪು ಮಾಡೋಣ ಅನ್ಸುತ್ತೆ. ನಿಮ್ಮನ್ನ ನೋಡದ ದಿನ ಒಗೆದ ಬಟ್ಟೆನೇ ಮತ್ತೆ ಒಗೀತಾ ಇರ್ತೀನಿ...”

ಮೂಳೆ ಡಾಕ್ಟರಿಗೂ ಕೋಪ ಬರುತ್ತೆ, ಹೌದು. ಅವಳ ಕಣ್ಣು ತುಂಬಿತು. ಅವಳು ಪೆಟ್ಟಿಗೆಯೊಳಗೆ ಏನೋ ಹುಡುಕುವವಳಂತೆ ತಲೆ ತೂರಿಸಿದಳು.

“ಚೆನ್ನಾಗಿದೆ,” ಎಂದಳು ಪೆಟ್ಟಿಗೆಯೊಳಗಿಂದ. “ಹಾಗೇ ಹೇಳಿ.”

“ಬೇಡ ಅಂದ್ಬಿಟ್ರೆ?”

“ನೋಯುತ್ತೆ,” ಎಂದಳು. “ತುಂಬಾ ನೋಯುತ್ತೆ.”

ಯಾರ ನೋವಿನ ಬಗ್ಗೆ ಹೇಳುತ್ತಿದ್ದಾಳೆಂದು ಅವನಿಗೆ ಹೇಗೆ ತಿಳಿಯಬೇಕು?

ಮರುದಿನ ಪಟಾಕಿ ಮನೆಗೆ ಹೊರಡುವ ದಿನ. ಅವನು ಹೊಸ ಅಂಗಿಯನ್ನು ಗರಿಗರಿಯಾಗಿ ಇಸ್ತ್ರಿ ಮಾಡಿ, ಹಾಕಿಕೊಂಡು ಮೇಲೆ ಬಂದ. ಅವನ ಮುಖ ನೋಡಿದೊಡನೆ ಅವಳಿಗೆ ತಿಳಿಯಿತು: ಇವತ್ತೇ.

ತ್ಯಾಗ ಮಾಡುವುದಾದರೆ ಅಚ್ಚುಕಟ್ಟಾಗಿ ಮಾಡಬೇಕೆಂದು ಅವಳು ಮೊದಲೇ ಏರ್ಪಾಡು ಮಾಡಿದ್ದಳು. ಮೂಳೆ ಡಾಕ್ಟರ ಬಳಿ ಹೋಗಿ, “ಲಾಂಡ್ರಿಯವರು ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕಂತೆ. ಪಾಪ, ಬಹಳ ದಿನದಿಂದ ಒಳಗೇ ಇಟ್ಕೊಂಡಿದ್ದಾರೆ. ಸಮಾಧಾನವಾಗಿ ಕೇಳಿ,” ಎಂದು ಹೇಳಿ ಬಂದಿದ್ದಳು.

“ನಿಮ್ಮ ಹತ್ರ ಸ್ವಲ್ಪ...” ಅವನು ಬಾಯಿ ತೆರೆದ.

“ಗೊತ್ತು. ಮಾತಾಡ್ಬೇಡಿ. ಒಳಗೆ ಕಾಯ್ತಾ ಇದ್ದಾರೆ. ಹೋಗಿ!”

“ಯಾರು? ಎಲ್ಲಿ? ರೀ...”

ಅವಳು ಅವನನ್ನು ಹಿಂದಿನಿಂದ ದಬ್ಬಿ, ಮೂಳೆ ಡಾಕ್ಟರ ಕೋಣೆಯ ಬಾಗಿಲು ಮುಚ್ಚಿ, ಗೋಡೆಗೊರಗಿ ಗಳಗಳನೆ ಅತ್ತಳು. ಗಾಲಿ ಕುರ್ಚಿಯಲ್ಲಿದ್ದ ಪಟಾಕಿ, ಗಂಟುಮೂಟೆಯ ಸಮೇತ ನಿಂತಿದ್ದ ಅಜ್ಜಿ, ಇಬ್ಬರೂ ಕಣ್ಣು ಕಣ್ಣು ಬಿಟ್ಟರು.

ಬಾಗಿಲು ತೆರೆಯಿತು. ಅವನು ಒಂದು ಪ್ಯಾಂಟಿನ ಕಾಲನ್ನು ಮಂಡಿಯವರೆಗೆ ಮಡಿಸಿಕೊಂಡು, ಕುಂಟುತ್ತಾ ಹೊರಗೆ ಬಂದ.

“ಯಾಕ್ರೀ ಅವರ ಹತ್ರ ಕಳಿಸಿದ್ರಿ? ಸುತ್ತಿಗೆ ತಗೊಂಡು ಮಂಡಿ ತಟ್ಟಿದ್ರು. ‘ಏನೂ ತೊಂದರೆ ಇಲ್ಲ, ಭಾರ ಎತ್ತಬೇಡಿ’ ಅಂದ್ರು! ಎಷ್ಟು ದಿನದಿಂದ ನೋವು ಅಂತ ಕೇಳಿದ್ರೆ ನಾನೇನು ಹೇಳ್ಲಿ?”

“ನೀವು... ಮನಸ್ಸಿನ ಮಾತು ಹೇಳಲಿಲ್ವಾ?”

“ಅವರಿಗ್ಯಾಕೆ ಹೇಳ್ಬೇಕು?!”

“ಡಾಕ್ಟರ್ ಅಂದಿದ್ರಲ್ಲ! ಅವರ ಕೋಟು ಬೇರೆ ತಂದು ಕೊಟ್ರಿ!”

“ಕೋಟು ನೆಪ ಕಣ್ರೀ! ಅವರ ಕೋಣೆ ಪಕ್ಕದಲ್ಲೇ ನಿಮ್ಮ ಕೋಣೆ ಇದೆಯಲ್ಲ! ಡಾಕ್ಟರ್ ಅಂದ್ರೆ ನೀವು! ನೀವೇ ಡಾಕ್ಟರ್!”

ಅವಳು ತನ್ನ ಬಿಳಿ ಕೋಟನ್ನು ಒಮ್ಮೆ ನೋಡಿಕೊಂಡಳು.

“ನಾನು ಡಾಕ್ಟರ್ ಅಲ್ಲ,” ಎಂದಳು ಸಣ್ಣ ದನಿಯಲ್ಲಿ. “ಗೊಂಬೆಗಳಿಗೆ ಮಾತ್ರ. ನಾನು ಆಟದ ಟೀಚರ್.”

“ಅಷ್ಟೂ ಗೊತ್ತಿಲ್ವಾ ಮಾಮ?” ಎಂದಳು ಪಟಾಕಿ. “ನನಗೇ ಗೊತ್ತು!”

ಅವನು ಬಟ್ಟೆ ಗಾಡಿಯ ಮೇಲೆ ಕುಸಿದು ಕೂತ. ಅವಳಿಗೆ ಈಗ ಬೇರೆಯೇ ಭಯ ಹುಟ್ಟಿತು. ಇವನು ಇಷ್ಟಪಟ್ಟದ್ದು ಡಾಕ್ಟರನ್ನು. ಕೋಟಿನೊಳಗೆ ಇರುವುದು ಬರೀ ನಾನು. ಈಗ ಏನನ್ನುತ್ತಾನೋ?

“ಬೇಜಾರಾಯ್ತಾ?” ಎಂದು ಕೇಳಿದಳು.

“ಬೇಜಾರಾ? ಹದಿನೈದು ದಿನದಿಂದ ಅನ್ನ ಸೇರಿಲ್ಲ ನನಗೆ! ಡಾಕ್ಟರನ್ನ ಹೇಗಪ್ಪಾ ಕೇಳೋದು, ಯಾವ ಮುಖ ಇಟ್ಕೊಂಡು ಕೇಳೋದು ಅಂತ!” ಅವನು ತಲೆಯ ಮೇಲೆ ಕೈ ಹೊತ್ತ. “ಮೊದಲೇ ಹೇಳಿದ್ರೆ ಎರಡು ತುತ್ತು ತಿಂತಿದ್ದೆನಲ್ರೀ!”

ಅಜ್ಜಿ ಗಂಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು. “ಬೇಗ ಹೇಳಪ್ಪಾ. ನಮಗೆ ಡಿಸ್ಚಾರ್ಜ್ ಇದೆ. ಕೇಳದೆ ಹೋದ್ರೆ ನನಗೆ ಮನೆಯಲ್ಲಿ ನಿದ್ದೆ ಬರಲ್ಲ.”

ಅವನು ಎದ್ದು ನಿಂತ. ಒಂದು ಕಾಲಿನ ಪ್ಯಾಂಟು ಇನ್ನೂ ಮೇಲೆಯೇ ಇತ್ತು. ಎರಡು ಕಣ್ಣಿನ, ಅತ್ತು ಮೂಗು ಕೆಂಪಾದ ಈ ಮುಖದೆದುರು ಅವನ ತಾಲೀಮೆಲ್ಲ ಗಾಳಿಗೆ ಹೋಯಿತು.

“ಎಲ್ಲಾ ಮರೆತೋಯ್ತು ಕಣ್ರೀ,” ಎಂದ. “ನನಗೆ... ನೀವು ಬೇಕು. ನಿಮ್ಮ ಕೋಟು ಯಾವುದಾದ್ರೂ ಆಗಿರ್ಲಿ.”

ಅವಳು ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ಬಗ್ಗಿ, ಮಡಿಸಿದ್ದ ಅವನ ಪ್ಯಾಂಟನ್ನು ಮೆಲ್ಲಗೆ ಕೆಳಗೆ ಎಳೆದು ಸರಿ ಮಾಡಿದಳು.

“ಇನ್ನೊಂದ್ಸಲ ಹೇಳಿ,” ಎಂದಳು.

“ಯಾಕೆ? ಸರಿಯಾಗಿ ಹೇಳಲಿಲ್ವಾ?”

“ಸರಿಯಾಗೇ ಹೇಳಿದ್ರಿ.” ಅವಳು ತಲೆ ಎತ್ತಿ ನಕ್ಕಳು. “ನಿನ್ನೆ ಅಷ್ಟೂ ಆ ಗೊಂಬೆಗೇ ಹೇಳಿದ್ರಲ್ಲ... ಎಷ್ಟು ಹೊಟ್ಟೆ ಉರೀತು ಗೊತ್ತಾ? ನನಗೆ ಇನ್ನೊಂದ್ಸಲ ಕೇಳ್ಬೇಕು.”