ವಾಲ್ವಿಗೆ ಸುತ್ತಿದ ಬಿಸಿ ಪಟ್ಟಿ

ಸಂಜೆಯೊಳಗೆ ಗುಡ್ಡದ ನೆತ್ತಿಯ ವಾಲ್ವ್ ತೆರೆಯದಿದ್ದರೆ ಆಸ್ಪತ್ರೆಯ ಬಾಯ್ಲರ್ ಆರಿಹೋಗುತ್ತಿತ್ತು. ಅದಕ್ಕೆ ಎಣ್ಣೆ ತರುವ ಒಂದೇ ಒಂದು ಕೊಳವೆ ಆ ವಾಲ್ವ್ ಹಾದು ಬರುತ್ತಿತ್ತು. ವಾಲ್ವಿನ ಹೊದಿಕೆಯನ್ನು ಗಾಳಿ ಕಿತ್ತೊಯ್ದಿತ್ತು; ಚಳಿಗೆ ಎಣ್ಣೆ ಅಲ್ಲೇ ಮೇಣದಂತೆ ಗಟ್ಟಿಯಾಗಿತ್ತು.

ಪಾನಾ ಎಂದೇ ಹೆಸರಾದ ಫಿಟ್ಟರ್ ಸುದ್ದಿ ಕೇಳಿದ್ದೇ ಉಗ್ರಾಣಕ್ಕೆ ಓಡಿದಳು. ಅವಳ ಅಕ್ಕ ನಿನ್ನೆಯಷ್ಟೇ ಆ ಆಸ್ಪತ್ರೆಯಲ್ಲಿ ಹೆತ್ತಿದ್ದಳು. ತಿಂಗಳು ತುಂಬದ ಕೂಸು.

ಮೂವರೂ ಸೊಂಟಕ್ಕೆ ಒಂದೇ ಹಗ್ಗ ಕಟ್ಟಿಕೊಂಡು ಹೊರಟರು. ಮುಂದೆ ಜನರೇಟರ್ ಹೊತ್ತ ಮೇಸ್ತ್ರಿ, ನಡುವೆ ಪಾನಾ, ಹಿಂದೆ ಎಲೆಕ್ಟ್ರಿಷಿಯನ್ ಭಾವ. ಪಾನಾಳ ಹೆಗಲಲ್ಲಿ ಹೀಟರ್ ಪಟ್ಟಿಯ ಸುರುಳಿ. ರಬ್ಬರಿನೊಳಗೆ ತಂತಿ ಕೂರಿಸಿದ ಪಟ್ಟಿ. ಗಾಯಕ್ಕೆ ಬಟ್ಟೆ ಸುತ್ತಿದಂತೆ ಸುತ್ತಬಹುದು. ಉಗ್ರಾಣದಲ್ಲಿ ಉಳಿದಿದ್ದದ್ದು ಅದೊಂದೇ.

"ನಾನು ಬಿದ್ರೂ ಪರವಾಗಿಲ್ಲ, ಅದು ಬೀಳ್ಬಾರ್ದು," ಎಂದ ಭಾವ.

"ನೀವು ಬಿದ್ರೆ ಅಕ್ಕಂಗೆ ಉತ್ತರ ಹೇಳೋರು ಯಾರು ಭಾವ?"

"ಬಾಯಿ ಮುಚ್ಕೊಂಡು ನಡೀರಿ, ಹಿಮ ಒಳಗೋಗುತ್ತೆ," ಮೇಸ್ತ್ರಿ ಗದರಿದರು.

ಮರಗಳು ಮುಗಿದವು. ಮುಂದೆ ಕತ್ತಿಯಲಗಿನಂಥ ಏಣು, ಎರಡೂ ಬದಿಗೆ ಬಿಳೀ ಪ್ರಪಾತ. ಎಲ್ಲಿ ನೆಲ ಮುಗಿದು ಎಲ್ಲಿ ಆಕಾಶ ಶುರುವಾಗುತ್ತದೋ ತಿಳಿಯದು. ಎಣ್ಣೆ ಕೊಳವೆ ಮಾತ್ರ ಹಿಮದಲ್ಲಿ ಮುಳುಗೇಳುತ್ತಾ ಅವರ ಜೊತೆಗೇ ಹತ್ತುತ್ತಿತ್ತು.

ಹಗ್ಗ ಜಗ್ಗಿತು. ಭಾವ ಇಲ್ಲ!

ಪಾನಾ ಕೊಳವೆಯನ್ನು ತಬ್ಬಿಕೊಂಡಳು. ಮೇಸ್ತ್ರಿ ಹಿಮದಲ್ಲಿ ಕುಕ್ಕರಿಸಿ ಎಳೆದರು. ಭಾವ ಮೇಲೆ ಬಂದ. ಬಲಗೈ ಜೋತು ಬಿದ್ದಿತ್ತು.

ವಾಲ್ವಿನ ಗೂಡು ತಲುಪಿದಾಗ ಭಾವ ಹಲ್ಲು ಕಚ್ಚಿ ಹೇಳಿದ: "ಸುತ್ತೋದು ಇನ್ನು ನಿಂದೇ ಕೆಲ್ಸ. ಪಟ್ಟಿ ಮೇಲೆ ಪಟ್ಟಿ ಬೀಳ್ಬಾರ್ದು. ಬೆರಳಷ್ಟು ಸಂದು ಬಿಡು."

ಪಾನಾ ಕೇಳಿಸಿಕೊಂಡಳು. ಆದರೆ ಕಣ್ಣ ಮುಂದೆ ಕೂಸು. ಇನ್ನೊಂದು ಸುತ್ತು ಇದ್ದರೆ ಬೇಗ ಬಿಸಿಯಾದೀತೆಂದು ವಾಲ್ವಿನ ಕುತ್ತಿಗೆಗೆ ಸುತ್ತಿನ ಮೇಲೆ ಸುತ್ತು ಹಾಕಿದಳು.

ಜನರೇಟರ್ ಗುಡುಗಿತು. ಐದೇ ನಿಮಿಷ. ರಬ್ಬರು ಸುಟ್ಟ ವಾಸನೆ!

"ಆರ್ಸು!" ಭಾವ ಕೂಗಿದ.

ಪ್ಲಗ್ ಕಿತ್ತಳು. ಕೈಗವಸು ಬಿಸುಟು ಬಿಚ್ಚತೊಡಗಿದಳು. ಬಿಸಿ ರಬ್ಬರು ಬೆರಳು ಸುಟ್ಟಿತು, ಹಿಮಗಟ್ಟಿದ ಕಬ್ಬಿಣ ಚರ್ಮ ಕಿತ್ತಿತು. ಭಾವ ಎಡಗೈಯಿಂದಲೇ ಪಟ್ಟಿಯ ತುದಿ ಹಿಡಿದುಕೊಟ್ಟ.

ಪಟ್ಟಿಯ ಮೇಲೆ ಗುಳ್ಳೆ ಎದ್ದಿತ್ತು. ಮೇಸ್ತ್ರಿ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. "ತಂತಿ ಉಳ್ಕೊಂಡಿದೆ. ನಿನ್ನ ಪುಣ್ಯ. ಈ ಸಲ ಬೆರಳಿಟ್ಟು ಅಳೆದು ಸುತ್ತಮ್ಮ."

ಒಂದು ಸುತ್ತು, ಒಂದು ಬೆರಳು. ಇನ್ನೊಂದು ಸುತ್ತು, ಇನ್ನೊಂದು ಬೆರಳು. ಮತ್ತೆ ಪ್ಲಗ್. ಹೊತ್ತು ಇಳಿಯುತ್ತಿತ್ತು.

ಕಡೆಗೆ ಕೊಳವೆಯೊಳಗೆ ಯಾರೋ ಗಂಟಲು ಸರಿಮಾಡಿಕೊಂಡಂಥ ಸದ್ದು. ಪಾನಾ ಚಕ್ರ ತಿರುಗಿಸಿದಳು. ತಿರುಗಿತು!

ಅವರು ಇಳಿದು ಬಂದಾಗ ಆಸ್ಪತ್ರೆಯ ಗೋಡೆಯ ಕೊಳವೆಗಳು ಬೆಚ್ಚಗಿದ್ದವು. ಅಕ್ಕ ಕೂಸಿನ ಮೇಲೆ ಮೂರನೇ ಹೊದಿಕೆ ಎಳೆಯುತ್ತಿದ್ದಳು.

"ಸಾಕು ಬಿಡಕ್ಕ. ಒಂದರ ಮೇಲೊಂದು ಹಾಕ್ಬೇಡ."

"ಹತ್ತು ಹೆತ್ತೋಳ ಥರ ಹೇಳ್ತಾಳೆ ನೋಡಿ!"

ಭಾವ ಕಟ್ಟು ಹಾಕಿದ ಕೈ ನೋಡಿಕೊಂಡು ನಕ್ಕ. ಪಾನಾ ಬೊಬ್ಬೆ ಎದ್ದ ಬೆರಳುಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.