ಸಾಕ್ಷಿ ಮಾಸ್ತರ

ಮೋಟಾರಿನ ಮೆಟ್ಟಿಲ ಮೇಲೆ ಕಾಲಿಟ್ಟ ಆನಂದೀಬಾಯಿ ಅಲ್ಲೇ ನಿಂತುಬಿಟ್ಟಳು. ಡ್ರೈವರ್ ಬಾಬುಸಾಬನ ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಗಂಟು ಇಟ್ಟುಕೊಂಡು, ಪ್ರಲ್ಹಾದ ಮಾಸ್ತರ ಕೂತಿದ್ದ.

ಹತ್ತು ದಿನದ ಹಿಂದೆ ಇದೇ ಮನುಷ್ಯ ಜೋರಾಪುರ ಪೇಟೆಯ ಅವಳ ಮನೆಗೆ ಕನ್ಯಾ ನೋಡಲು ಬಂದಿದ್ದ. ಚಹಾ ಕುಡಿದಾದ ಮೇಲೆ ಅಪ್ಪ, "ಹುಡುಗಿ ಮನಸಿಗೆ ಬಂದ್ಲೇನ್ರಿ?" ಎಂದು ಕೇಳಿದ್ದರು. ದಿನಾ ಸಂಜೆ ವೇದಾಂತದ ಪಾಠಕ್ಕೆ ಹೋಗುತ್ತಿದ್ದ ಮಾಸ್ತರ ಗಂಭೀರವಾಗಿ ಹೇಳಿದ: "ಬೇಕು, ಬ್ಯಾಡ ಅನ್ನೂದೆಲ್ಲಾ ಮನಸಿನ ಆಟರಿ. ನಾ ಅದಕ್ಕ ಬರೇ ಸಾಕ್ಷಿ."

ಬಾಗಿಲ ಹಿಂದೆ ನಿಂತಿದ್ದ ಆನಂದಿ ಉರಿದುಹೋದಳು. "ಹಂಗಾದ್ರ ಆ ಸಾಕ್ಷಿಗೆ ಹೇಳಿಬಿಡ್ರಿ, ನಾ ಒಲ್ಲೆ!"

ಸಂಬಂಧ ಅಲ್ಲಿಗೇ ಮುರಿಯಿತು. ಈಗ ಅವಳು ಅಪ್ಪನ ತಂಗಿ ಹೀರಾಬಾಯಿ ಅತ್ತೆಯ ಜೋಡಿ ಕಳ್ಳಕವಟಗಿಗೆ ಹೊರಟಿದ್ದಳು. ಅಲ್ಲಿಯ ದೊಡ್ಡ ಮನೆತನದವರು ಹುಡುಗಿ ನೋಡುವವರಿದ್ದರು. ಅವರ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದುದರಿಂದ ಹುಡುಗಿಯನ್ನೇ ಕರೆಸಿದ್ದರು. ತಿಕೋಟಾದವರೆಗೆ ಮೋಟಾರು, ಅಲ್ಲಿಂದ ಅವರ ಕಮಾನು ಗಾಡಿ. ಮಾಸ್ತರನ ಶಾಲೆ ತಿಕೋಟಾದಲ್ಲೇ. ರವಿವಾರ ತಾಯಿಯನ್ನು ನೋಡಿಕೊಂಡು ವಾಪಸು ಹೊರಟಿದ್ದ.

ಅವನು ಒಮ್ಮೆ ತಿರುಗಿ ನೋಡಿದ. ಅವಳು ಪಟ್ಟನೆ ಕಿಟಕಿಯ ಹೊರಗೆ ನೋಡಿದಳು. ಹೊರಗೆ ಬರೀ ಜೋಳದ ಹೊಲ. ಆದರೂ ಅದನ್ನು ಮೊದಲ ಸಲ ಕಂಡವಳಂತೆ ನೋಡಿದಳು. ಮತ್ತೆ ಮುಂದೆ ನೋಡಿದರೆ ಅವನ ಕಣ್ಣು ಇನ್ನೂ ಅಲ್ಲೇ ಇದ್ದವು. ಅವಳ ಕೆನ್ನೆ ಬಿಸಿಯಾಯಿತು. ಸಿಟ್ಟಿಗೇ ಇರಬೇಕು ಅಂದುಕೊಂಡಳು.

ಯುದ್ಧದ ಕಾಲ. ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿದ್ದವು. ಅರ್ಧ ಹಾದಿಯ ಏರಿನಲ್ಲಿ ಗಾಡಿ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು.

"ಗಂಡಸರೆಲ್ಲಾ ಇಳೀರಿ! ನೂಕ್ರಿ!" ಎಂದು ಬಾಬುಸಾಬ ಕೂಗಿದ.

ಮಾಸ್ತರ ಎದ್ದ. ಆನಂದಿಗೆ ತಡೆಯಲಾಗಲಿಲ್ಲ. "ನೀವ್ಯಾಕ ಇಳೀತೀರಿ, ಮಾಸ್ತರ್ರ? ನೀವು ಸಾಕ್ಷಿ ಅಲ್ಲೇನು? ಕೂತು ನೋಡ್ರಲ್ಲ!"

ಮೋಟಾರಿಗೆ ಮೋಟಾರೇ ನಕ್ಕಿತು. ಅವನ ಕಿವಿ ಕೆಂಪಾದವು. ಇಳಿದು, ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ, ಹಿಂಬದಿಯ ಇದ್ದಿಲ ಒಲೆಯ ಮಗ್ಗುಲಲ್ಲೇ ನಿಂತು ಹೆಗಲು ಕೊಟ್ಟ. ಗಾಡಿ ಏರು ಹತ್ತುವ ಹೊತ್ತಿಗೆ ಅವನ ಮೋರೆಯೆಲ್ಲಾ ಇದ್ದಿಲಿನ ಮಸಿ.

ಒಲೆಯ ಬೆಂಕಿ ಮತ್ತೆ ಚೆನ್ನಾಗಿ ಹೊತ್ತಿಕೊಳ್ಳುವ ತನಕ ಎಲ್ಲರೂ ಬೇವಿನ ಮರದ ನೆರಳಿಗೆ ಬಂದರು. ಅತ್ತೆ ಅಡಕೆ ಕತ್ತರಿಸುತ್ತ ಕೂತಳು. ಏದುಸಿರು ಬಿಡುತ್ತಿದ್ದ ಮಾಸ್ತರನನ್ನು ಕಂಡು ಆನಂದಿಗೆ ಕನಿಕರ ಬಂತು. ನೀರಿನ ತಂಬಿಗೆ ಮುಂದೆ ಹಿಡಿದಳು.

"ಕುಡೀರಿ. ವೇದಾಂತಕ್ಕೂ ನೀರಡಿಕಿ ಆಗ್ತದಂತ ಇವತ್ತ ಗೊತ್ತಾತು."

ಅವನು ಗಟಗಟನೆ ಕುಡಿದು, ತಂಬಿಗೆ ಕೈಯಲ್ಲೇ ಹಿಡಿದು ನಿಂತ. "ಆನಂದೀಬಾಯಿ, ಒಂದು ಮಾತು. ಅವತ್ತ ನಾ ಹೇಳಿದ್ದು ವೇದಾಂತ ಅಲ್ಲ. ಅಂಜಿಕಿ."

"ಯಾರ ಅಂಜಿಕಿ?"

"ನಿಮ್ಮದ. 'ಮನಸಿಗೆ ಬಂದಾಳ' ಅಂತ ನಾ ಹೇಳಿ, ನೀವು 'ಒಲ್ಲೆ' ಅಂದ್ರ ಏನು ಗತಿ ಅಂತ ಶಾಸ್ತ್ರದ ಹಿಂದ ಅಡಗಿಕೊಂಡೆ. ಸಾಕ್ಷಿ ಅಂದ್ರ ಕಲ್ಲಿನಂಗ ಇರೂದು ಅಂತ ತಿಳಿದಿದ್ದೆ. ಕಲ್ಲಿಗೆ ಏನು ಕಾಣ್ತದ? ಹತ್ತು ದಿನ ಒಳಗ ನೋಡಿಕೊಂಡೆ. ಸಿಟ್ಟು ಬಂತು, ಹೋತು. ಅವಮಾನ ಬಂತು, ಹೋತು. ನೀವು ಮಾತ್ರ ಹೋಗಲಿಲ್ಲ."

ಅತ್ತೆಯ ಅಡಕೊತ್ತಿನ ಸದ್ದು ನಿಂತಿತ್ತು.

"ಇನ್ನೊಂದು," ಎಂದ ಅವನು, ದನಿ ತಗ್ಗಿಸಿ. "ನನ್ನೊಳಗ ಕೂತು ನೋಡೂ ಸಾಕ್ಷಿನ ನಿಮ್ಮೊಳಗೂ ಕೂತದ ಅಂತ ದಿನಾ ಪಾಠದಾಗ ಕೇಳ್ತಿದ್ದೆ. ಆದ್ರ ನಿಮಗ ಏನು ಕಂಡ್ತು ಅಂತ ಅವತ್ತ ಕೇಳಲೇ ಇಲ್ಲ. ಈಗ ಕೇಳ್ತೀನಿ. ನಿಮಗ ಏನು ಕಂಡ್ತು?"

ಆನಂದಿಯನ್ನು ಈ ಮಾತು ಇದುವರೆಗೆ ಯಾರೂ ಕೇಳಿರಲಿಲ್ಲ. ಬಂದವರೆಲ್ಲಾ ಅವಳನ್ನು ನೋಡಿ ಹೋಗಿದ್ದರು, ಅಷ್ಟೇ.

"ಚಹಾದ ಕಪ್ಪು-ಬಶಿ ಹಿಡಿದಾಗ ನಿಮ್ಮ ಕೈ ನಡಗ್ಲಿಕತ್ತಿತ್ತು," ಅಂದಳು. "ಚಹಾ ಎಲ್ಲಾ ಬಶಿಗೆ ಚೆಲ್ಲಿತು. ಅದನ್ನ ನೋಡಿ ನಾ ಅವಾಗ ಒಪ್ಪಿಬಿಟ್ಟಿದ್ದೆ." ತುಸು ತಡೆದು, "ಆಮ್ಯಾಲ ನೀವು ಬಾಯಿ ತಗದ್ರಿ," ಎಂದು ನಕ್ಕಳು.

ಮಸಿ ಮೆತ್ತಿದ ಮೋರೆಯಲ್ಲಿ ಅವನ ಹಲ್ಲು ಫಳ್ಳನೆ ಹೊಳೆದವು.

ತಿಕೋಟಾದಲ್ಲಿ ಕಮಾನು ಗಾಡಿ ಕಾಯುತ್ತಿತ್ತು. ಗಾಡಿ ಹೊಡೆಯುವ ಅಮರಪ್ಪ, "ಬರ್ರಿ ಅವ್ವಾರ, ಹತ್ರಿ," ಎಂದು ಹಾಸಿದ್ದ ಕಂಬಳಿ ಝಾಡಿಸಿದ. ಆನಂದಿ ನಿಂತಲ್ಲೇ ನಿಂತಳು.

"ಅತ್ತೀ, ನಾ ಹತ್ತೂದಿಲ್ಲ."

ಹೀರಾಬಾಯಿ ಆನಂದಿಯನ್ನು ನೋಡಿದಳು, ಮಾಸ್ತರನನ್ನು ನೋಡಿದಳು. "ಮರದ ಬುಡಕ್ಕ ನನಗೇನು ಕಿವಿ ಇರಲಿಲ್ಲಂತ ತಿಳಿದೀರೇನು ಇಬ್ರೂ?" ಎಂದು ಗದರಿಸಿ, ಅಮರಪ್ಪನ ಕಡೆ ತಿರುಗಿದಳು. "ಹುಡುಗಿಗೆ ಜ್ವರ ಬಂದಾವು ಅಂತ ಹೇಳಪಾ."

"ಬ್ಯಾಡ, ಅತ್ತೀ," ಎಂದಳು ಆನಂದಿ. ಅವಳ ದನಿ ನಡುಗಿತು, ಮಾತು ನಡುಗಲಿಲ್ಲ. "ಹುಡುಗಿ ಬ್ಯಾರೆಯವರನ್ನ ಒಪ್ಪ್ಯಾಳ ಅಂತ ಹೇಳ್ರಿ, ಅಮರಪ್ಪ. ಹಿರೇರು ಕ್ಷಮಾ ಮಾಡಬೇಕಂತ ಕೈ ಮುಗದಾಳ ಅಂತನೂ ಹೇಳ್ರಿ."

ಅಮರಪ್ಪ ಮೀಸೆಯಡಿ ನಕ್ಕು ಎತ್ತು ತಿರುಗಿಸಿದ.

"ಮಾಸ್ತರ್ರ," ಎಂದಳು ಅತ್ತೆ, "ನಿಂತು ಏನು ನೋಡ್ತೀರಿ? ಮೋಟಾರು ವಾಪಸು ಹೊಂಟದ, ಹತ್ರಿ. ನಮ್ಮಣ್ಣನ ಸಿಟ್ಟು ನಾ ಒಬ್ಬಾಕಿ ತಿನ್ನಲೇನು? ಈ ಮಾತು ನೀವ ಅವನ ಮುಂದ ನಿಂತು ಹೇಳಬೇಕು."

"ಹೇಳ್ತೀನ್ರಿ!" ಎಂದವನೇ ಪ್ರಲ್ಹಾದ ಗಂಟನ್ನು ಮೋಟಾರಿನೊಳಗೆ ಒಗೆದು ಬಾಬುಸಾಬನ ಪಕ್ಕಕ್ಕೆ ಹತ್ತಿ ಕೂತ. ಊರು ದಾಟುವುದರೊಳಗೆ, ಹಿಂದೆ ಅತ್ತೆಯ ಜೋಡಿ ಕೂತಿದ್ದ ಆನಂದಿಯ ಕಡೆ ಮೂರು ಸಲ ತಿರುಗಿ ನೋಡಿದ.

"ಮಾಸ್ತರ, ಹಾದಿ ಮುಂದ ಐತ್ರಿ," ಎಂದ ಬಾಬುಸಾಬ.

ಆನಂದಿ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವುದನ್ನೂ ಮರೆತು, ಗೊಳ್ಳೆಂದು ನಕ್ಕಳು.