ಕನ್ಯಾ ನೋಡಲು ಬಂದವರ ಮುಂದೆ ಜಾಝ್

ಮೊದಲ ಸಲ ನನ್ನ ಹಾಡು ಕೇಳಿದಾಗ ರಾಜರತ್ನ ಕಲ್ಲು ಪಾಲಿಶ್ ಮಷೀನು ಬಂದ್ ಮಾಡಿ ಓಡಿ ಬಂದಿದ್ದ.

"ಏನಾತ್ರೀ? ಹಾವು ಕಡೀತೇನು?"

"ಹಾಡಾಕತ್ತೀನಿ," ಎಂದೆ ಸಿಟ್ಟಿನಿಂದ. "ಮಷೀನ್ ಚಾಲೂ ಮಾಡ್ರಿ ಮೊದ್ಲ!"

ಶಹಾಬಾದಿನ ಅವನ ಕಾರ್ಖಾನೆಯ ಹಿಂದೆ ನಾನು ರಿಯಾಜ್ ಮಾಡುತ್ತಿದ್ದುದೇ ಆ ಸದ್ದಿನ ಮರೆಗಾಗಿ. ಭಂಕೂರದ ನಮ್ಮ ಮನೆಯಲ್ಲಿ ಬಾಯಿ ತೆರೆದರೆ ಓಣಿಯೇ ಬಂದು ಸೇರುತ್ತಿತ್ತು. ನಾನು ಹಾಡುವುದು ಫ್ರೀ ಜಾಝ್. ಪದವಿಲ್ಲ, ಮೊದಲೇ ಕಟ್ಟಿದ ಧಾಟಿಯಿಲ್ಲ. ಆ ಗಳಿಗೆಗೆ ಹುಟ್ಟಿದ್ದೇ ಹಾಡು. ಹೈದರಾಬಾದ್, ಪುಣೆಗಳಲ್ಲಿ ಟಿಕೆಟ್ ತೆಗೆದು ಕೇಳುತ್ತಾರೆ, ನಂಬಿದರೆ ನಂಬಿ.

ಮರುದಿನದಿಂದ ಅವನು ಚಹಾ ತಂದುಕೊಟ್ಟು, ಕಳ್ಳನೋಟದಲ್ಲಿ ನನ್ನನ್ನೇ ನೋಡುತ್ತ ಕೂರತೊಡಗಿದ. ವರ್ಷ ತುಂಬುವಷ್ಟರಲ್ಲಿ ತಾಯಿ ಅನಸುಬಾಯಿಯನ್ನು ಕರೆದುಕೊಂಡು ಕನ್ಯಾ ನೋಡಲು ನಮ್ಮ ಮನೆಗೇ ಬಂದ.

ಮಂಡಕ್ಕಿ ಸುಸಲಾ ತಿಂದು, ಚಹಾದ ಬಸಿ ಹಿಡಿದು, ಅನಸುಬಾಯಿ ಎಲ್ಲರೂ ಕೇಳುವುದನ್ನೇ ಕೇಳಿದರು: "ಒಂದು ಹಾಡು ಹಾಡವ್ವಾ ಲುಂಬಿನಿ."

ರಾಜರತ್ನ ಕಣ್ಣಲ್ಲೇ ಬೇಡಿಕೊಂಡ: ಇವತ್ತೊಂದಿನ ಎಲ್ಲರಿಗೂ ಗೊತ್ತಿರುವ ಭೀಮಗೀತೆ ಹಾಡಿ ಮುಗಿಸು. ನಮ್ಮವ್ವ ಹಿಂದಿನಿಂದ ನನ್ನ ತೋಳು ಚಿವುಟಿದಳು.

ಅವನೆಂದರೆ ನನಗೆ ಜೀವ. ಕಳೆದುಕೊಳ್ಳುವ ಭಯವೂ ಇತ್ತು. ಆದರೆ ಇವತ್ತು ಮುಚ್ಚಿಟ್ಟರೆ ಜೀವನವಿಡೀ ಮುಚ್ಚಿಡಬೇಕಲ್ಲ! ಕಣ್ಣು ಮುಚ್ಚಿ ನನ್ನದನ್ನೇ ಶುರು ಮಾಡಿದೆ. ಗುನುಗಿದೆ, ಚೀರಿದೆ, ನಾಲಗೆ ಲೊಟಗುಟ್ಟಿಸಿದೆ.

"ಅಯ್ಯ ನಮ್ಮವ್ವ! ಹೊಟ್ಟಿ ನೋಯಾಕತ್ತದೇನ ಹುಡುಗಿಗೆ?" ಅನಸುಬಾಯಿಯ ದನಿ ಕೇಳಿತು.

ಆಗ ಟಕ್ ಎಂಬ ಸದ್ದು. ಕಣ್ಣು ತೆರೆದೆ. ಕಲ್ಲಿನ ಬಿರುಕು ನೋಡಲು ಬಡಿಯುವ ಹಾಗೆ ರಾಜರತ್ನ ನೆಲದ ಶಹಾಬಾದಿ ಕಲ್ಲನ್ನು ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದ. ನಾಚಿಕೆಗೆ ಕಿವಿ ಕೆಂಪಾಗಿತ್ತು. ಆದರೂ ನಿಲ್ಲಿಸಲಿಲ್ಲ. ನಾನು ಆ ಸದ್ದಿಗೆ ಉತ್ತರ ಕೊಟ್ಟೆ, ಅವನು ಮತ್ತೆ ಬಡಿದ.

ಮುಗಿದ ಮೇಲೆ ನಾನೇ ಹೇಳಿದೆ: "ಇದಽ ನನ್ನ ಕೆಲಸ್ರಿ ಮಾವಶಿ. ಮುಂದಿನ ತಿಂಗಳು ಮುಂಬೈದಾಗ ಪ್ರೋಗ್ರಾಮ್ ಅದ. ನಿಮ್ಮ ಮಗನ ಮ್ಯಾಲ ಭಾಳ ಪ್ರೀತಿ ಅದ ನನಗ. ಆದ್ರ ಇದನ್ನ ಬಿಡಂಗಿಲ್ಲ."

"ಬಿಡು ಅಂತ ನಾನೂ ಅನ್ನಂಗಿಲ್ಲ," ಅಂದ ರಾಜರತ್ನ. "ಅವ್ವಾ, ಲಗ್ನ ಆದ್ರ ಇಕಿನ್ನಽ ಆಗ್ತೀನಿ."

ಅನಸುಬಾಯಿ ಬಸಿ ಕೆಳಗಿಟ್ಟರು. ಮಗನ ಬೆರಳುಗಳನ್ನೇ ನೋಡಿದರು.

"ದಿನಾ ಹಿಂಗಽ ಚೀರ್ತಿಯೇನವ್ವಾ?"

"ದಿನಾ ಎರಡು ತಾಸು, ಅತ್ತೀ."

"ಹಂಗಾದ್ರ ಕಾರ್ಖಾನಿ ಬಾಜೂಕ ಮನಿ ಮಾಡ್ರಿ. ಓಣಿ ಮಂದಿ ಬದುಕಬೇಕಲ್ಲ!" ಎಂದು ಅವರು ಇನ್ನೊಂದು ಬಸಿ ಚಹಾ ಕೇಳಿದರು.

ಚಹಾ ತರಲು ಎದ್ದವಳನ್ನು ರಾಜರತ್ನ ಬಾಗಿಲಲ್ಲಿ ತಡೆದ.

"ಇನ್ಮ್ಯಾಲ ನೀ ಹಾಡುವಾಗ ಮಷೀನ್ ಬಂದ್ ಇಡ್ತೀನಿ."